ಮುಳ್ಳುತಂತಿಗೆ ಸಿಕ್ಕ ಹಸುವೂ ಯುದ್ಧದ ಸಾಕ್ಷಿ

ಅಫ್ಘಾನಿಸ್ತಾನದ ಕುನಾರ್ ಪ್ರಾಂತ್ಯದ ಕೊರೆಂಗಲ್ ಕಣಿವೆಯಲ್ಲಿ ಒಂದು ಹಸು ಅಮೆರಿಕದ ಸೇನಾಚೌಕಿಯ ಮುಳ್ಳುತಂತಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಸೈನಿಕರು ಅದನ್ನು ಕೊಂದು ತಿನ್ನುತ್ತಾರೆ. ಆಮೇಲೆ ಊರ ಹಿರಿಯರು ಬೆಟ್ಟ ಹತ್ತಿ ಬಂದು ಪರಿಹಾರ ಕೇಳುತ್ತಾರೆ. ಅವರಿಗೆ ಬೇಕಾದದ್ದು ನಗದು. ನಗದು ಕೊಡಲಾಗದು, ಹಸು ಎಷ್ಟು ತೂಗುತ್ತಿತ್ತೋ ಅಷ್ಟು ತೂಕದ ಅಕ್ಕಿ, ಕಾಳು, ಸಕ್ಕರೆ ಕೊಡುತ್ತೇವೆ ಎಂದು ಸೇನೆ ಹೇಳುತ್ತದೆ. ಹಿರಿಯರಿಗೆ ಅದು ಒಪ್ಪಿಗೆಯಾಗುವುದಿಲ್ಲ. ಟಿಮ್ ಹೆದರಿಂಗ್ಟನ್ ಮತ್ತು ಸೆಬಾಸ್ಟಿಯನ್ ಯುಂಗರ್ 2010ರಲ್ಲಿ ಹೊರತಂದ 'ರೆಸ್ಟ್ರೆಪೊ' ಸಾಕ್ಷ್ಯಚಿತ್ರದಲ್ಲಿ ಈ ಪ್ರಸಂಗಕ್ಕೆ ಸಿಕ್ಕಿರುವುದು ಕೆಲವೇ ನಿಮಿಷ. ಚಿತ್ರದಲ್ಲಿ ಗುಂಡಿನ ಕಾಳಗಗಳಿವೆ, ಕಣ್ಣೆದುರೇ ಗೆಳೆಯನನ್ನು ಕಳೆದುಕೊಂಡ ಯೋಧನ ಆಕ್ರಂದನವಿದೆ. ಆದರೂ ಅಮೆರಿಕ ಆ ದೇಶದಲ್ಲಿ ಏಕೆ ಸೋತಿತು ಎಂಬುದಕ್ಕೆ ಆ ಹಸುವಿನ ಚೌಕಾಸಿಯಷ್ಟು ಸ್ಪಷ್ಟವಾದ ಉತ್ತರ ಚಿತ್ರದ ಬೇರೆಲ್ಲೂ ಇಲ್ಲ. ಯುದ್ಧಭೂಮಿಯ ದಿನಚರಿಯನ್ನು ತೋರಿಸುವ ಸಾಕ್ಷ್ಯಚಿತ್ರಗಳನ್ನು ನಾವು ಸೈನಿಕರ ಬಗೆಗಿನ ಪ್ರೀತಿ, ಮರುಕಗಳ ಕಣ್ಣಿನಿಂದ ಮಾತ್ರ ನೋಡುತ್ತೇವೆ. ನನ್ನ ವಾದ ಇಷ್ಟು: ಅವು ಅದಕ್ಕಿಂತ ಗಟ್ಟಿಯಾದ ವಸ್ತು, ಒಂದು ಯುದ್ಧದ ಗುರಿಗೂ ಅದಕ್ಕೆ ಒದಗಿಸಿದ ಸಾಧನಕ್ಕೂ ತಾಳೆಯಾಗುತ್ತಿದೆಯೇ ಎಂದು ನೋಡಲು ಪ್ರಜೆಗೆ ಸಿಗಬಹುದಾದ ಅತ್ಯುತ್ತಮ ಸಾಕ್ಷ್ಯ.

ಚಿತ್ರದ ಹಿನ್ನೆಲೆ ಹೀಗಿದೆ. ಅಮೆರಿಕದ 173ನೇ ಏರ್‌ಬೋರ್ನ್ ಬ್ರಿಗೇಡಿನ ಬ್ಯಾಟಲ್ ಕಂಪನಿ 2007ರ ಬೇಸಿಗೆಯಲ್ಲಿ ಇಟಲಿಯ ವಿಚೆಂಝಾದಿಂದ ಹೊರಟು ಕೊರೆಂಗಲ್ ತಲುಪಿತು. ಕಣಿವೆಯ ಉದ್ದ ಸುಮಾರು 10 ಕಿಲೋಮೀಟರ್. ವಾಸ್ತವ್ಯ 15 ತಿಂಗಳು. ಹೋದ ಕೆಲವೇ ವಾರಗಳಲ್ಲಿ ತುಕಡಿಯ ವೈದ್ಯ ಸಹಾಯಕ ಹುವಾನ್ ರೆಸ್ಟ್ರೆಪೊ ಗುಂಡಿಗೆ ಬಲಿಯಾದ. ಬೆಟ್ಟದ ಏಣಿನ ಮೇಲೆ ರಾತ್ರೋರಾತ್ರಿ ಅಗೆದು ಕಟ್ಟಿದ ಚೌಕಿಗೆ ಗೆಳೆಯರು ಅವನ ಹೆಸರಿಟ್ಟರು. ಅಲ್ಲಿ ನಲ್ಲಿ ನೀರಿಲ್ಲ. ನೆಲ ಅಗೆಯುವುದು, ಮರಳುಚೀಲ ತುಂಬುವುದು, ಕಸ ಸುಡುವುದು, ಬಂದೂಕು ಒರೆಸುವುದು, ಗಸ್ತು ಹೋಗುವುದು, ಪಾಳಿಯ ಮೇಲೆ ಕಾವಲು ನಿಲ್ಲುವುದು ಇವೇ ದಿನದ ಕೆಲಸಗಳು. ಬೇಸರ ತಡೆಯಲಾರದೆ ಹುಡುಗರು ಕುಸ್ತಿ ಆಡುತ್ತಾರೆ, ಗಿಟಾರ್ ಬಾರಿಸುತ್ತಾರೆ, ಒಬ್ಬರನ್ನೊಬ್ಬರು ಅಪ್ಪಿಕೊಂಡು ಕುಣಿಯುತ್ತಾರೆ. ಹೆದರಿಂಗ್ಟನ್‌ಗೆ ವರ್ಲ್ಡ್ ಪ್ರೆಸ್ ಫೋಟೊ ಪ್ರಶಸ್ತಿ ತಂದುಕೊಟ್ಟ ಚಿತ್ರವೂ ಈ ಕಣಿವೆಯದೇ. ಅದರಲ್ಲಿ ಗುಂಡು, ಹೊಗೆ ಏನೂ ಇಲ್ಲ. ಬಂಕರಿನ ಮಣ್ಣಿಗೆ ಒರಗಿ, ಕೈಯನ್ನು ಹಣೆಗೆ ಒತ್ತಿಕೊಂಡು ಸುಸ್ತಾಗಿ ಕುಳಿತ ಒಬ್ಬ ಸೈನಿಕ, ಅಷ್ಟೇ. ನಿರೂಪಣೆಯ ದನಿ ಚಿತ್ರದಲ್ಲಿಲ್ಲ, ಜನರಲ್‌ಗಳಿಲ್ಲ, ರಾಜತಾಂತ್ರಿಕರಿಲ್ಲ, ಪರಿಣತರಿಲ್ಲ. ರಾಜಕೀಯ ತಮ್ಮ ವಿಷಯವಲ್ಲ, ಸೈನಿಕರ ಅನುಭವವನ್ನಷ್ಟೇ ದಾಖಲಿಸುತ್ತೇವೆ ಎಂದು ನಿರ್ದೇಶಕರು ಹೇಳಿಕೊಂಡರು.

ಆದರೆ ದಿನಚರಿಯನ್ನು ಪ್ರಾಮಾಣಿಕವಾಗಿ ದಾಖಲಿಸಿದರೆ ರಾಜಕೀಯ ತಾನಾಗಿಯೇ ಒಳಗೆ ಬಂದು ಕೂರುತ್ತದೆ. ಕಂಪನಿಯ ಮುಖ್ಯಸ್ಥ ಕ್ಯಾಪ್ಟನ್ ಡ್ಯಾನ್ ಕಿಯರ್ನಿ ವಾರವಾರವೂ ಹಿರಿಯರ ಸಭೆ ನಡೆಸುತ್ತಾನೆ. ರಸ್ತೆ ಬರುತ್ತದೆ, ಕೆಲಸ ಬರುತ್ತದೆ, ಹಣ ಬರುತ್ತದೆ, ಹಿಂದಿನವರು ಮಾಡಿದ ತಪ್ಪನ್ನು ಮರೆತುಬಿಡಿ ಎನ್ನುತ್ತಾನೆ. ಎದುರಿಗೆ ಕೂತವರು ಗೋರಂಟಿ ಹಚ್ಚಿದ ಗಡ್ಡದ ಮುದುಕರು. ಅವರ ಮುಖದಲ್ಲಿ ನಂಬಿಕೆಯೂ ಇಲ್ಲ, ವಿರೋಧವೂ ಕಾಣುವುದಿಲ್ಲ. ಜನರ ಮನಸ್ಸು ಗೆಲ್ಲುವುದೇ ಆ ಯುದ್ಧದ ಘೋಷಿತ ತಂತ್ರವಾಗಿತ್ತು. ಆ ಕೆಲಸ ಬಿದ್ದದ್ದು ಅಲ್ಲಿಯ ಭಾಷೆ ಬಾರದ, ದುಭಾಷಿಯನ್ನೇ ನೆಚ್ಚಿದ, ಬೆಳಿಗ್ಗೆ ಗುಂಡು ಹಾರಿಸಿ ಮಧ್ಯಾಹ್ನ ಮಾತುಕತೆಗೆ ಕೂರಬೇಕಾದ ಇಪ್ಪತ್ತು ದಾಟಿದ ಹುಡುಗರ ಹೆಗಲಿಗೆ. ಹಳ್ಳಿಗನಿಗೆ ಹಸುವೆಂದರೆ ಹಾಲು, ಕರು, ಮುಂದಿನ ವರ್ಷದ ಆಸರೆ. ಅದನ್ನು ತೂಕಕ್ಕೆ ಇಳಿಸಿ ಅಕ್ಕಿಯಲ್ಲಿ ತೀರಿಸುತ್ತೇನೆ ಎನ್ನುವ ಸೇನೆಗೆ ಆ ಹಳ್ಳಿಯ ಬದುಕು ಅರ್ಥವಾಗಿಲ್ಲ. ಆ ಚೌಕಿಯ ಯಾವ ಸೈನಿಕನೂ ದುಷ್ಟನಾಗಿ ಕಾಣುವುದಿಲ್ಲ; ಹೆಚ್ಚಿನವರು ಒಳ್ಳೆಯ ಹುಡುಗರೇ. ಒಳ್ಳೆಯ ಹುಡುಗರು, ಧೈರ್ಯವಂತರು, ಶಿಸ್ತಿನವರು ಸೇರಿಯೂ ಆ ಕೆಲಸ ಆಗುತ್ತಿಲ್ಲವೆಂದರೆ ತಪ್ಪಿರುವುದು ಕೆಲಸದ ಕಲ್ಪನೆಯಲ್ಲೇ ಎಂಬ ತೀರ್ಮಾನಕ್ಕೆ ನೋಡುಗ ಬರಲೇಬೇಕಾಗುತ್ತದೆ.

2010ರ ಜನವರಿಯಲ್ಲಿ ಸಂಡಾನ್ಸ್ ಚಿತ್ರೋತ್ಸವದಲ್ಲಿ 'ರೆಸ್ಟ್ರೆಪೊ' ಮುಖ್ಯ ಪ್ರಶಸ್ತಿ ಪಡೆಯಿತು. ಅದೇ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆ ಕೊರೆಂಗಲ್ ಕಣಿವೆಯನ್ನೇ ಬಿಟ್ಟು ಹೊರಟುಹೋಯಿತು. ಅಷ್ಟು ಹೊತ್ತಿಗೆ ಅಲ್ಲಿ 40ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತಿದ್ದರು. ಆ ಬಳಿಕವೂ ಸೇನೆಯ ವರಿಷ್ಠರೂ ಶ್ವೇತಭವನದ ವಕ್ತಾರರೂ ಅಫ್ಘಾನಿಸ್ತಾನದಲ್ಲಿ ಪ್ರಗತಿಯಾಗುತ್ತಿದೆ ಎಂದೇ ಹೇಳುತ್ತ ಬಂದರು. 2019ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ 'ಅಫ್ಘಾನಿಸ್ತಾನ್ ಪೇಪರ್ಸ್' ಪ್ರಕಟಿಸಿದಾಗ, ಅದೇ ಅಧಿಕಾರಿಗಳು ಸರ್ಕಾರಿ ತನಿಖಾಧಿಕಾರಿಗಳ ಮುಂದೆ ಖಾಸಗಿಯಾಗಿ ಬೇರೆಯದನ್ನೇ ಹೇಳಿದ್ದು ಬಯಲಾಯಿತು. ಅಲ್ಲಿ ಏನು ಮಾಡುತ್ತಿದ್ದೇವೆಂಬುದೇ ತಮಗೆ ತಿಳಿದಿರಲಿಲ್ಲ ಎಂಬ ಧಾಟಿಯ ತಪ್ಪೊಪ್ಪಿಗೆಗಳು ಆ ದಾಖಲೆಗಳಲ್ಲಿ ತುಂಬಿದ್ದವು. ಆ ಕಡತಗಳನ್ನು ಹೊರತೆಗೆಯಲು ಪತ್ರಿಕೆ ಮೂರು ವರ್ಷ ಕಾನೂನು ಹೋರಾಟ ಮಾಡಬೇಕಾಯಿತು. ಆದರೆ ಅವುಗಳ ಸಾರ ಒಂಬತ್ತು ವರ್ಷ ಹಿಂದೆಯೇ ಚಿತ್ರಮಂದಿರದಲ್ಲಿ, ಟಿಕೆಟ್ ಕೊಂಡ ಯಾರಿಗಾದರೂ ಕಾಣುವಂತೆ ತೆರೆದುಕೊಂಡಿತ್ತು. ಭಾಷಣವನ್ನು ತಿದ್ದಬಹುದು, ಅಂಕಿಅಂಶಗಳನ್ನು ಬೇಕಾದಂತೆ ಜೋಡಿಸಬಹುದು. ತಿಂಗಳುಗಟ್ಟಲೆ ಒಂದೇ ಕಡೆ ನಿಂತ ಕ್ಯಾಮೆರಾದ ಮುಂದೆ ಮಾತ್ರ ಒಂದು ತುಕಡಿ ತನ್ನ ದಿನಗಳನ್ನು ತಿದ್ದಿ ತೋರಿಸುವುದು ಬಹಳ ಕಷ್ಟ.

ಇದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ತೀರ ಬಲವಾದದ್ದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ತುಕಡಿಯ ಜತೆ ಉಂಡು, ಮಲಗಿ, ಅವರ ಬಂದೂಕಿನ ರಕ್ಷಣೆಯಲ್ಲಿ ಬದುಕುವ ಚಿತ್ರಕಾರ ಅವರ ಕಣ್ಣಿನಿಂದಲೇ ನೋಡುತ್ತಾನೆ. ಎದುರಿನವನು ಬೆಟ್ಟದಾಚೆಯ ಹೊಗೆಯಾಗಿ ಮಾತ್ರ ಕಾಣುತ್ತಾನೆ. ಹಾಗಾಗಿ ಇಂಥ ಚಿತ್ರ ದಾಳಿಕೋರನ ಪರ ಮರುಕ ಹುಟ್ಟಿಸುವ ಪ್ರಚಾರವೇ ಆಗುತ್ತದೆ ಎಂಬುದು ಆಕ್ಷೇಪ. 'ರೆಸ್ಟ್ರೆಪೊ' ಈ ಟೀಕೆಗೆ ಪೂರ್ತಿ ಹೊರತಲ್ಲ. ಕೊರೆಂಗಲ್ ಜನ ಪಾಶಾಯಿ ಭಾಷೆಯವರು, ಅವರ ಬದುಕು ನಿಂತಿದ್ದುದು ದೇವದಾರು ಮರದ ವ್ಯಾಪಾರದ ಮೇಲೆ, ಅಮೆರಿಕದ ಮುಖ್ಯ ನೆಲೆ ಎದ್ದದ್ದು ಅಲ್ಲಿಯ ಒಬ್ಬ ಮರದ ಸಾಹುಕಾರನ ಕಾರ್ಖಾನೆಯ ಜಾಗದಲ್ಲಿ. ಕಣಿವೆಯ ಹಗೆಗೆ ಈ ಮರದ ಕಥೆಯಲ್ಲಿ ದೊಡ್ಡ ಕಾರಣವಿದೆ, ಚಿತ್ರದಲ್ಲಿ ಅದು ಎಲ್ಲಿಯೂ ಬರುವುದಿಲ್ಲ. ಇನ್ನೂ ಕಠಿಣವಾದ ಉದಾಹರಣೆ 2024ರದು. ರಷ್ಯನ್-ಕೆನಡಿಯನ್ ನಿರ್ದೇಶಕಿ ಅನಸ್ತಾಸಿಯಾ ಟ್ರೊಫಿಮೋವಾ, ಉಕ್ರೇನಿನಲ್ಲಿ ಹೋರಾಡುತ್ತಿದ್ದ ರಷ್ಯನ್ ತುಕಡಿಯೊಂದರ ಜತೆ ತಿಂಗಳುಗಳನ್ನು ಕಳೆದು 'ರಷ್ಯನ್ಸ್ ಅಟ್ ವಾರ್' ಮಾಡಿದಳು. ದಣಿದ, ಕುಡಿದ, ಈ ಯುದ್ಧ ಯಾಕೆಂದು ತಿಳಿಯದ ಸೈನಿಕರು ಅದರಲ್ಲಿದ್ದಾರೆ. ಉಕ್ರೇನಿಯನ್ನರು ಕೆರಳಿದರು; ಬೆದರಿಕೆಗಳು ಬಂದವೆಂದು ಟೊರಾಂಟೊ ಚಿತ್ರೋತ್ಸವ ಪ್ರದರ್ಶನವನ್ನು ತಡೆಹಿಡಿದು, ಉತ್ಸವ ಮುಗಿದ ಮೇಲೆ ತೋರಿಸಿತು. ತಾನು ಇದ್ದಷ್ಟು ದಿನ ಯುದ್ಧಾಪರಾಧದ ಕುರುಹು ಕಾಣಲಿಲ್ಲ ಎಂದು ನಿರ್ದೇಶಕಿ ಹೇಳಿದ್ದು ಗಾಯಕ್ಕೆ ಉಪ್ಪು ಸವರಿದಂತಾಯಿತು. ಉಕ್ರೇನಿನ ಬುಚಾ ಪಟ್ಟಣದ ಬೀದಿಗಳಲ್ಲಿ ಹೆಣಗಳನ್ನು ಕಂಡವರಿಗೆ ಆ ಮಾತು ಹೇಗೆ ಕೇಳಿಸಿರಬಹುದು ಎಂಬುದನ್ನು ನಾವು ಲಘುವಾಗಿ ಕಾಣಕೂಡದು.

ಈ ಆಕ್ಷೇಪದಿಂದ ದಿನಚರಿಯ ಚಿತ್ರಗಳೇ ಬೇಡ ಎಂಬ ತೀರ್ಮಾನ ಹೊರಡುವುದಿಲ್ಲ. ಯಾವ ದಿನಚರಿ ಪೂರ್ಣ, ಯಾವುದು ಅರೆಬರೆ ಎಂದು ತೂಗಿನೋಡಲು ಒಂದು ಅಳತೆಗೋಲು ಸಿಗುತ್ತದೆ. ಸೈನಿಕನ ದಿನವೆಂದರೆ ಅವನ ಊಟ, ನಿದ್ದೆ, ಭಯ, ಹಾಡು ಮಾತ್ರವಲ್ಲ. ಅವನ ಕೈಯಿಂದ ಇನ್ನೊಬ್ಬನ ದಿನ ಏನಾಯಿತು ಎಂಬುದೂ ಅವನ ದಿನಚರಿಯದೇ ಭಾಗ. 2007ರ ಅಕ್ಟೋಬರ್‌ನ 'ರಾಕ್ ಅವಲಾಂಚ್' ಕಾರ್ಯಾಚರಣೆಯಲ್ಲಿ ಯಾಕಾ ಚೀನಾ ಎಂಬ ಹಳ್ಳಿಯ ಮೇಲೆ ನಡೆದ ವಾಯುದಾಳಿಯ ಮಾರನೆಯ ಬೆಳಗನ್ನು 'ರೆಸ್ಟ್ರೆಪೊ' ಮುಚ್ಚಿಡುವುದಿಲ್ಲ. ಗಾಯಗೊಂಡ ಮಕ್ಕಳು, ಅವರನ್ನು ಎತ್ತಿಕೊಂಡ ಹಿರಿಯರು, ಅವರ ನಡುವೆ ನಿಂತು ಸಮಜಾಯಿಷಿ ಕೊಡಲು ಹೆಣಗುವ ಕ್ಯಾಪ್ಟನ್ ಎಲ್ಲರೂ ಅಲ್ಲಿದ್ದಾರೆ. 2010ರಲ್ಲೇ ಬಂದ ಡೆನ್ಮಾರ್ಕಿನ 'ಆರ್ಮಡಿಲೊ' ಚಿತ್ರದಲ್ಲಿ ಯಾನುಸ್ ಮೆಟ್ಸ್ ಹೆಲ್ಮಂಡ್‌ನ ನೆಲೆಯೊಂದರ ಡ್ಯಾನಿಶ್ ಸೈನಿಕರನ್ನು ಹಿಂಬಾಲಿಸಿದ. ಕಂದಕದಲ್ಲಿ ಬಿದ್ದಿದ್ದ ತಾಲಿಬಾನಿಗಳನ್ನು ಕೊಂದ ಪ್ರಸಂಗ, ಆಮೇಲೆ ಆ ಹುಡುಗರು ಅದನ್ನು ನಗುತ್ತ ವಿವರಿಸಿಕೊಳ್ಳುವ ರೀತಿ ತೆರೆಯ ಮೇಲೆ ಬಂದಾಗ ಡೆನ್ಮಾರ್ಕ್ ತತ್ತರಿಸಿತು. ಗಾಯಾಳುಗಳನ್ನು ಕೊಂದರೇ ಎಂಬ ಪ್ರಶ್ನೆಯ ಮೇಲೆ ತನಿಖೆ ನಡೆದು ಸೈನಿಕರು ನಿರ್ದೋಷಿಗಳೆಂದು ತೀರ್ಮಾನವಾಯಿತು. ಆ ತೀರ್ಮಾನ ಏನೇ ಇರಲಿ, ಪುಟ್ಟ ದೇಶವೊಂದು ತನ್ನ ಮಕ್ಕಳು ದೂರದೇಶದಲ್ಲಿ ಏನಾಗುತ್ತಿದ್ದಾರೆ ಎಂದು ಮನಬಿಚ್ಚಿ ವಾದಿಸಿತು. ತುಕಡಿಯ ಜತೆಗಿದ್ದ ಕ್ಯಾಮೆರಾ ತುಕಡಿಯ ಗುಲಾಮನಾಗಲೇಬೇಕೆಂಬ ನಿಯಮವಿಲ್ಲ. ಟ್ರೊಫಿಮೋವಾಳ ಚಿತ್ರದ ಕೊರತೆ ಇರುವುದು ರಷ್ಯನ್ ಸೈನಿಕರನ್ನು ಮನುಷ್ಯರಾಗಿ ತೋರಿಸಿದ್ದರಲ್ಲಿ ಅಲ್ಲ, ಅವರ ಕೈಗೆ ಸಿಕ್ಕ ಮನುಷ್ಯರತ್ತ ತಿರುಗದೆ ಹೋದದ್ದರಲ್ಲಿ.

ಎರಡನೆಯ ಆಕ್ಷೇಪ ಸೇನೆಗಳದು: ಇಂಥ ಚಿತ್ರಗಳು ಮನೋಬಲ ಕುಗ್ಗಿಸುತ್ತವೆ. ಎರಡನೇ ಮಹಾಯುದ್ಧದಲ್ಲಿ ಜಾನ್ ಹ್ಯೂಸ್ಟನ್ ಅಮೆರಿಕದ ಸೇನೆಗಾಗಿಯೇ ಇಟಲಿಯ ಸ್ಯಾನ್ ಪಿಯೆಟ್ರೊ ಕದನದ ಮೇಲೆ ಚಿತ್ರ ಮಾಡಿದಾಗ, ಇದು ಯುದ್ಧವಿರೋಧಿ ಎಂದು ಅಧಿಕಾರಿಗಳು ಸಿಡುಕಿದರು. ಸೇನಾ ಮುಖ್ಯಸ್ಥ ಜಾರ್ಜ್ ಮಾರ್ಷಲ್ ಮಾತ್ರ ತರಬೇತಿಯಲ್ಲಿರುವ ಪ್ರತಿ ಸೈನಿಕನೂ ಇದನ್ನು ನೋಡಬೇಕು ಎಂದ. ಎದುರಿಸಬೇಕಾದದ್ದು ಏನೆಂದು ತಿಳಿದವನೇ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತಾನೆ ಎಂಬ ಲೆಕ್ಕ ಅವನದು. (ಆ ಚಿತ್ರದ ಎಷ್ಟೋ ದೃಶ್ಯಗಳು ಕದನ ಮುಗಿದ ಮೇಲೆ ಮರುಸೃಷ್ಟಿಸಿದವು ಎಂದು ಮುಂದೆ ಸಂಶೋಧಕರು ತೋರಿಸಿಕೊಟ್ಟರು, ಸಾಕ್ಷ್ಯದ ಹೆಸರಿನಲ್ಲಿ ಬರುವ ಎಲ್ಲವನ್ನೂ ಕಣ್ಣುಮುಚ್ಚಿ ನಂಬಬಾರದು ಎಂಬುದಕ್ಕೆ ಅದೂ ಬೇಕಾದ ಎಚ್ಚರಿಕೆ.) ಅದೇ ಹ್ಯೂಸ್ಟನ್ 1946ರಲ್ಲಿ ಯುದ್ಧದಿಂದ ಮನಸ್ಸು ಒಡೆದು ಬಂದ ಸೈನಿಕರ ಚಿಕಿತ್ಸೆಯನ್ನು 'ಲೆಟ್ ದೇರ್ ಬಿ ಲೈಟ್' ಚಿತ್ರದಲ್ಲಿ ದಾಖಲಿಸಿದ. ರೋಗಿಗಳ ಖಾಸಗಿತನದ ಕಾರಣ ಕೊಟ್ಟು ಸೇನೆ ಅದನ್ನು 1980ರ ದಶಕದ ಹೊಸ್ತಿಲವರೆಗೆ ಪೆಟ್ಟಿಗೆಯಲ್ಲೇ ಇಟ್ಟಿತು. ಅಷ್ಟರಲ್ಲಿ ಕೊರಿಯಾ, ವಿಯೆಟ್ನಾಮ್ ಎರಡೂ ಮುಗಿದಿದ್ದವು. ಆ ಯುದ್ಧಗಳಿಂದ ಮರಳಿ, ರಾತ್ರಿ ನಿದ್ದೆ ಬಾರದೆ ನರಳಿದ ಸಾವಿರಾರು ಜನರಿಗೆ, ಅವರ ಹೆಂಡಿರು ಮಕ್ಕಳಿಗೆ, ಇದು ಹೇಡಿತನವಲ್ಲ, ಕಾಯಿಲೆ, ಇದಕ್ಕೆ ಔಷಧಿಯಿದೆ ಎಂದು ತಿಳಿಸಬಹುದಾಗಿದ್ದ ಚಿತ್ರ ಅದು. ಖಾಸಗಿತನದ ಪ್ರಶ್ನೆ ನಿಜವಾದದ್ದು. ಅದಕ್ಕೆ ಉತ್ತರ, ಮನೆಗೆ ಮರಳಿ ಮನಸ್ಸು ತಿಳಿಯಾದ ಮೇಲೆ ಸೈನಿಕನನ್ನೇ ಇನ್ನೊಮ್ಮೆ ಕೇಳುವುದು. ಹೆದರಿಂಗ್ಟನ್ ಮತ್ತು ಯುಂಗರ್ ವಿಚೆಂಝಾದಲ್ಲಿ ಅದೇ ಸೈನಿಕರನ್ನು ಕ್ಯಾಮೆರಾದ ಮುಂದೆ ಕೂರಿಸಿ ಮಾತಾಡಿಸಿದರು. ಚಿತ್ರದ ಬೆನ್ನೆಲುಬು ಆ ಮಾತುಗಳೇ.

ಗುಟ್ಟು ಶತ್ರುವಿಗೆ ತಿಳಿಯುತ್ತದೆ ಎಂಬ ಮೂರನೆಯ ಮಾತಿಗೆ ಹೆಚ್ಚು ಜಾಗ ಬೇಕಿಲ್ಲ. ನೇರಪ್ರಸಾರಕ್ಕೆ ಅದು ಒಪ್ಪುವ ಮಾತು. 2008ರ ಮುಂಬೈ ದಾಳಿಯಲ್ಲಿ ನಮ್ಮ ವಾಹಿನಿಗಳು ಮಾಡಿದ ಅನಾಹುತ ನಮಗೆ ಗೊತ್ತಿದೆ. ಸಾಕ್ಷ್ಯಚಿತ್ರವೋ ವರ್ಷಗಳ ನಂತರ ಬರುವಂಥದ್ದು. 2007-08ರಲ್ಲಿ ತೆಗೆದ ದೃಶ್ಯಗಳು 2010ರಲ್ಲಿ ತೆರೆಗೆ ಬಂದಾಗ ಆ ತುಕಡಿ ಎಂದೋ ಮನೆ ಸೇರಿತ್ತು.

ಈಗ ನಮ್ಮತ್ತ ತಿರುಗೋಣ. ಕನ್ನಡನಾಡು ಯೋಧರನ್ನು ಮರೆತ ನಾಡಲ್ಲ. ಊರೂರಿನಲ್ಲೂ ಇರುವ ವೀರಗಲ್ಲುಗಳೇ ಅದಕ್ಕೆ ಸಾಕ್ಷಿ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ತುರುಗೋಳಿನಲ್ಲಿ ಊರ ದನ ಕಾಯಲು ಹೋಗಿ ಸತ್ತ ಸಾಮಾನ್ಯನಿಗೂ ಆ ಗೌರವ ಸಂದಿದೆ. ಅದು ದೊಡ್ಡ ಪರಂಪರೆ. ಆದರೆ ನಮ್ಮ ಇಂದಿನ ಸ್ಮರಣೆಯೂ ಆ ಮೂರೇ ಹಂತಗಳಲ್ಲಿ ನಿಂತುಬಿಟ್ಟಿದೆ: ಕಾಳಗದ ಸುದ್ದಿ, ಪಾರ್ಥಿವ ಶರೀರದ ಮೆರವಣಿಗೆ, ಪ್ರತಿಮೆ. ಕಾಳಗಕ್ಕೆ ಮೊದಲಿನ ನೂರು ದಿನಗಳಿಗೆ ಅದರಲ್ಲಿ ಎಡೆಯೇ ಇಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಚೌಕಿಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಧಾರವಾಡ ಜಿಲ್ಲೆಯ ಬೆಟದೂರಿನವರು. 11ರಂದು ಅವರು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಳ್ಳುವವರೆಗೆ ಇಡೀ ರಾಜ್ಯ ಉಸಿರು ಬಿಗಿಹಿಡಿದು ಪ್ರಾರ್ಥಿಸಿತು. ಆ ಪ್ರೀತಿ ನಿಜವಾದದ್ದು. ಆದರೆ 19,000 ಅಡಿಗೂ ಮೇಲಿನ ಆ ಚೌಕಿಯಲ್ಲಿ ಅವರ ಒಂದು ದಿನ ಹೇಗೆ ಕಳೆಯುತ್ತಿತ್ತು, ನೀರು ಕಾಯಿಸಲು ಎಷ್ಟು ಸೀಮೆಎಣ್ಣೆ ಬೇಕು, ಬೂಟು ಯಾವಾಗ ಬದಲಾಗುತ್ತದೆ, ಮಂಜು ಕುಸಿಯುವ ಸೂಚನೆ ಯಾರು ಯಾರಿಗೆ ಕೊಡುತ್ತಾರೆ ಎಂಬುದು ಅಂದೂ ನಮಗೆ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. 2003ರ ಕದನವಿರಾಮದ ನಂತರ ಅಲ್ಲಿ ನಮ್ಮವರನ್ನು ಕೊಲ್ಲುತ್ತಿರುವುದು ಹಿಮ, ಎತ್ತರ ಮತ್ತು ಚಳಿ. ಅಂದರೆ ಸಿಯಾಚಿನ್‌ನಲ್ಲಿ ದಿನಚರಿಯೇ ಯುದ್ಧ.

ಈ ವಿಷಯದಲ್ಲಿ ನಮಗೆ ಸಿಗುತ್ತಿರುವುದು ಚೂರುಪಾರು ಮಾಹಿತಿ. 2020ರ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ, ಅತಿ ಎತ್ತರದ ಪ್ರದೇಶಗಳ ಸೈನಿಕರಿಗೆ ಹಿಮಗನ್ನಡಕ, ಬೂಟು ಸಕಾಲಕ್ಕೆ ತಲುಪದ್ದನ್ನೂ ಆಹಾರದ ಕ್ಯಾಲರಿ ಕಡಿಮೆಯಾದದ್ದನ್ನೂ ಪಟ್ಟಿಮಾಡಿತು. ಅದು ಹಳೆಯ ಲೆಕ್ಕ, ಈಗ ಸರಿಹೋಗಿದೆ ಎಂದು ಸೇನೆ ಹೇಳಿತು. ಸರಿಹೋಗಿರಲೂಬಹುದು. ಆದರೆ ತೋರಿಸಿ ಮನವರಿಕೆ ಮಾಡಲು ಯಾರ ಬಳಿಯೂ ಏನೂ ಇರಲಿಲ್ಲ. 2017ರಲ್ಲಿ ಗಡಿ ಭದ್ರತಾ ಪಡೆಯ ಜವಾನನೊಬ್ಬ ಸುಟ್ಟ ರೊಟ್ಟಿ, ನೀರಾದ ಬೇಳೆಯ ವಿಡಿಯೊವನ್ನು ತಾನೇ ಹರಿಬಿಟ್ಟಾಗ ದೇಶ ಗದ್ದಲವೆಬ್ಬಿಸಿತು; ಕೆಲವು ತಿಂಗಳಲ್ಲಿ ಶಿಸ್ತಿನ ಕಾರಣಕ್ಕೆ ಅವನನ್ನು ಸೇವೆಯಿಂದ ತೆಗೆಯಲಾಯಿತು. ಆ ದೂರು ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ ಎಂದು ತೂಗಲು ನಾಗರಿಕನಿಗೆ ದಾರಿಯೇ ಇರಲಿಲ್ಲ. ಹೊರಗಿನ ನಂಬಲರ್ಹ ಕಣ್ಣೊಂದು ಒಳಗೆ ಇದ್ದಿದ್ದರೆ ಸುಳ್ಳು ದೂರಿನಿಂದ ಪಡೆಗೂ ರಕ್ಷಣೆ, ನಿಜವಾದ ದೂರಿಗೆ ಜವಾನನಿಗೂ ಪರಿಹಾರ ಸಿಗುತ್ತಿತ್ತು. 1962ರ ಸೋಲಿನ ಮೇಲಿನ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯನ್ನು ಸರ್ಕಾರ ಇಂದಿಗೂ ಅಧಿಕೃತವಾಗಿ ಪ್ರಕಟಿಸಿಲ್ಲ. ಹತ್ತಿಬಟ್ಟೆ ತೊಟ್ಟು, ಕ್ಯಾನ್ವಾಸ್ ಬೂಟಿನಲ್ಲಿ ಹಿಮದ ಬೆಟ್ಟ ಹತ್ತಿದ ಸೈನಿಕರ ಕಥೆಯನ್ನು ನಾವು ಬದುಕುಳಿದವರ ನೆನಪುಗಳಿಂದ ಹೆಕ್ಕಿಕೊಳ್ಳಬೇಕಾಯಿತು. ಆಗ ಒಂದು ಕ್ಯಾಮೆರಾ ಆ ಬೂಟನ್ನು ತೋರಿಸಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ ಎಂದು ನನ್ನ ಮನಸ್ಸು ಮತ್ತೆ ಮತ್ತೆ ಕೇಳುತ್ತದೆ.

ನಮ್ಮದು ವೃತ್ತಿಪರ ಸೇನೆ, ನಮ್ಮ ಗಡಿ ರಕ್ಷಿಸುತ್ತಿದೆ, ಪರದೇಶಕ್ಕೆ ಹೋದ ಅಮೆರಿಕದ ಸೇನೆಗೆ ಹೋಲಿಸುವುದು ಸಲ್ಲದು ಎನ್ನುವವರಿದ್ದಾರೆ. ರಕ್ಷಣೆಯ ಯುದ್ಧಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ ಎಂಬುದನ್ನು ಉಕ್ರೇನ್ ತೋರಿಸಿಕೊಟ್ಟಿದೆ. 2025ರಲ್ಲಿ ತೆರೆಕಂಡ ಮಿಸ್ತಿಸ್ಲಾವ್ ಚೆರ್ನೋವ್‌ನ '2000 ಮೀಟರ್ಸ್ ಟು ಆಂದ್ರಿಯಿವ್ಕಾ' ಚಿತ್ರ, ಬಖ್ಮುತ್ ಹತ್ತಿರದ ಹಳ್ಳಿಯೊಂದನ್ನು ಮರಳಿ ಪಡೆಯಲು ಉಕ್ರೇನಿಯನ್ ತುಕಡಿ ಮರಗಳ ಸಣ್ಣ ಪಟ್ಟಿಯೊಂದರಲ್ಲಿ ತೆವಳುವ ಕಥೆ. ಆ ದೇಶದ ಉಳಿವೇ ಪಣಕ್ಕಿದ್ದ ಹೊತ್ತು, ನಿರ್ದೇಶಕ ತನ್ನ ದೇಶವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವವನು. ಆದರೂ ಕೊನೆಗೆ ಬಾವುಟ ಏರಿಸಲು ಅಲ್ಲಿ ಹಳ್ಳಿಯೇ ಉಳಿದಿರಲಿಲ್ಲ ಎಂಬುದನ್ನು ಅವನು ಮುಚ್ಚಿಡಲಿಲ್ಲ. ಕಂದಕದಲ್ಲಿ ಸಿಗರೇಟು ಹಚ್ಚುತ್ತ ಮುಂದಿನ ಬದುಕಿನ ಬಗ್ಗೆ ಮಾತಾಡುವ ಹುಡುಗರಲ್ಲಿ ಕೆಲವರು ಮುಂದೆ ಸತ್ತರು ಎಂಬುದನ್ನು ಅಲ್ಲೇ ಹೇಳಿದ. ಅದರಿಂದ ಉಕ್ರೇನಿನ ಹೋರಾಟದ ನ್ಯಾಯ ಒಂದಿಷ್ಟೂ ಕುಂದಲಿಲ್ಲ.

ನಮ್ಮಲ್ಲಿ ಈಗಿರುವ ವ್ಯವಸ್ಥೆ ಇದಕ್ಕೆ ತೀರಾ ವಿರುದ್ಧ. ಸೇನೆಯ ವಿಷಯವಿರುವ ಚಿತ್ರ, ವೆಬ್ ಸರಣಿಗಳಿಗೆ ಮೊದಲು ನಿರಾಕ್ಷೇಪಣಾ ಪತ್ರ ಪಡೆಯಬೇಕೆಂದು ರಕ್ಷಣಾ ಸಚಿವಾಲಯ 2020ರಲ್ಲಿ ಸೆನ್ಸಾರ್ ಮಂಡಳಿಗೆ ಪತ್ರ ಬರೆಯಿತು. ಕಥಾಚಿತ್ರದವರಿಗೇ ಇಷ್ಟು ಕಟ್ಟುಪಾಡಿದ್ದರೆ ಗಡಿಯ ಚೌಕಿಯಲ್ಲಿ ತಿಂಗಳುಗಟ್ಟಲೆ ಉಳಿಯಬಯಸುವ ಸ್ವತಂತ್ರ ಸಾಕ್ಷ್ಯಚಿತ್ರಕಾರನಿಗೆ ಬಾಗಿಲು ಯಾರು ತೆರೆಯುತ್ತಾರೆ? ಅವನಿಗೆ ಒಂದು ತುಕಡಿಯ ಪೂರ್ತಿ ಅವಧಿಗೆ ಪ್ರವೇಶ ಕೊಡಬೇಕು. ನೆಲೆಗಳ ಗುರುತು ಸಿಗುವ ದೃಶ್ಯಗಳನ್ನು ತೆಗೆಸುವ ಹಕ್ಕು ಸೇನೆಗಿರಲಿ, ಮುಜುಗರ ತರುವ ದೃಶ್ಯಗಳ ಮೇಲೆ ಆ ಹಕ್ಕು ಇರಬಾರದು. ಅವಧಿ ಮುಗಿದ ಮೇಲೆ ಪ್ರತಿ ಜವಾನನ ಒಪ್ಪಿಗೆಯನ್ನು ಮತ್ತೆ ಪಡೆಯಲಿ, ಬೇಕಿದ್ದರೆ ಬಿಡುಗಡೆಗೆ ಎರಡು ವರ್ಷ ಕಾಯಲಿ. ಸಿಯಾಚಿನ್‌ಗೆ ಸಾಮಾನು ಹೊರುವ ಲಡಾಖಿನ ಹಮಾಲರು, ನಿಯಂತ್ರಣ ರೇಖೆಯ ಹಳ್ಳಿಗಳ ರೈತರು ಚೌಕಟ್ಟಿನ ಒಳಗೇ ಇರಲಿ. ಇದಕ್ಕೆಲ್ಲ ಮೊದಲು ಸಚಿವಾಲಯ ಲಿಖಿತ ನಿಯಮವೊಂದನ್ನು ಪ್ರಕಟಿಸಬೇಕು: ಅರ್ಜಿಗೆ ಎಷ್ಟು ದಿನದೊಳಗೆ ಉತ್ತರ, ಯಾವ ಕಾರಣಗಳಿಗೆ ಮಾತ್ರ ನಿರಾಕರಣೆ, ನಿರಾಕರಿಸಿದರೆ ಮೇಲ್ಮನವಿ ಎಲ್ಲಿಗೆ. ಇದನ್ನು ಕೇಳಲು ನಮ್ಮ ಸಂಸದರಿಗೆ ಮುಂದಿನ ರಕ್ಷಣಾ ಬೇಡಿಕೆಗಳ ಚರ್ಚೆಯೇ ಸಾಕು.